ಮಾವನ ಜೋಡಿ ನಳಿಗೆ ಕೋವಿ

ಬೆಳಿಗ್ಗೆ ಕಾಫಿ ಕುಡಿದ ಲೋಟ ಕೆಳಗಿಟ್ಟ ಕೂಡಲೇ ನಮ್ಮ ಮಾವ ಬೀರುವಿನ ಬೀಗ ತೆಗೆಯುತ್ತಿದ್ದರು. ಹಳೆಯ ರಗ್ಗಿನಲ್ಲಿ ಸುತ್ತಿಟ್ಟ ಕೋವಿಯನ್ನು ಎತ್ತಿಕೊಂಡು ಬಂದು ಕಿಟಕಿಯ ಹತ್ತಿರದ ಮರದ ಕುರ್ಚಿಯಲ್ಲಿ ಕೂರುತ್ತಿದ್ದರು. ಅದರ ಅಡಿಯಲ್ಲಿರುವ ಚಿಕ್ಕ ಕಬ್ಬಿಣದ ಹಿಡಿಯನ್ನು ಪಕ್ಕಕ್ಕೆ ತಳ್ಳಿದರೆ ಕೋವಿ ನಡುವಿನಲ್ಲಿ ಬಾಗಿ ಬಾಯಿ ತೆರೆಯುತ್ತದೆ. ಹಾಗೆ ತೆರೆದು, ಒಳಗೆ ತೋಟಾ ಇಲ್ಲವೆಂದು ಬೆರಳಿನಿಂದ ಮುಟ್ಟಿ ನೋಡಿ, ಪಕ್ಕಪಕ್ಕದಲ್ಲಿರುವ ಎರಡು ನಳಿಗೆಗಳನ್ನೂ ಬೆಳಕಿಗೆ ಹಿಡಿದು ಒಂದೊಂದರೊಳಗೂ ಕಣ್ಣಿಟ್ಟು ನೋಡುತ್ತಿದ್ದರು. ಒಳಗೆ ಕನ್ನಡಿಯ ಹಾಗೆ ಹೊಳೆಯಬೇಕು. ಒಂದು ಚುಕ್ಕೆ ಕಂಡರೂ ಹೊಲಿಗೆ ಮೆಷಿನ್ನಿನ ಎಣ್ಣೆಯಲ್ಲಿ ಬಟ್ಟೆ ಅದ್ದಿ, ಸಲಾಕೆಗೆ ಸುತ್ತಿ, ಅದು ಹೋಗುವ ತನಕ ತಿಕ್ಕುತ್ತಿದ್ದರು.

ಆ ಕಿಟಕಿಯ ಆಚೆ ಮೊದಲು ಬರೀ ಆಕಾಶ ಇತ್ತಂತೆ. ನಾನು ಆ ಮನೆಗೆ ಬಂದಾಗ ಎರಡು ತೆಂಗಿನ ಮರ ಇದ್ದವು. ಈಗ ಹುಡುಗರ ಪೀಜಿಯ ಗೋಡೆ ಇದೆ. ಮಾವನಿಗೆ ಆ ಗೋಡೆಯ ಮೇಲೆ ಬೀಳುವ ಬಿಸಿಲೇ ಸಾಕಾಗಿತ್ತು. ನಳಿಗೆಯ ಒಳಗಿಂದ ನೋಡಿದರೆ ಅದೂ ಒಂದು ದುಂಡನೆಯ ಬೆಳಕೇ.

ನಾನು ಮಳವಳ್ಳಿಯವನು. ಮೀಸೆ ಬಂದ ಮೇಲೆ ಸಂಜೆ ಶಾಲೆಗೆ ಸೇರಿ ಎಸ್‌ಎಸ್‌ಎಲ್‌ಸಿ ಪಾಸು ಮಾಡಿದೆ. ಜೆಪಿ ನಗರದಲ್ಲಿ ನಲ್ಲಿ, ಪೈಪು, ಕಮೋಡು ಮಾರುವ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಜರಗನಹಳ್ಳಿಯಲ್ಲಿ ಮಾವನ ಕಟ್ಟಡದ ಹಿಂದಿನ ಒಂದು ರೂಮಿನಲ್ಲಿ ಬಾಡಿಗೆಗಿದ್ದೆ. ಅವರಿಗೆ ಗಂಡು ಮಕ್ಕಳಿರಲಿಲ್ಲ, ಇದ್ದದ್ದು ಒಬ್ಬಳೇ ಮಗಳು. ಆಮೇಲೆ ನಾನು ಆ ಮನೆಯ ಅಳಿಯನಾಗಿ ಅಲ್ಲೇ ಉಳಿದೆ. ಬಾಡಿಗೆಗೆ ಬಂದವನು ಮನೆಯನ್ನೇ ಹಿಡಿದುಕೊಂಡ ಎಂದು ಅವರ ನೆಂಟರು ಮದುವೆ ಮನೆಗಳಲ್ಲಿ ನನ್ನ ಕಿವಿಗೆ ಬೀಳುವ ಹಾಗೆಯೇ ಹೇಳುತ್ತಿದ್ದರು. ಮಾವ ಒಂದು ದಿನವೂ ಹಾಗೆ ಹೇಳಲಿಲ್ಲ. ಮದುವೆಯಾದ ಮೊದಲ ವಾರದಲ್ಲಿ ನನ್ನನ್ನು ಕೂರಿಸಿಕೊಂಡು ಕೋವಿಯನ್ನು ತೆರೆದು ಕೈಗೆ ಕೊಟ್ಟರು. ನಾನು ಎಲ್ಲೋ ನೋಡಿದ್ದ ಹಾಗೆ ಒಂದೇ ಏಟಿಗೆ ಪಟಾರನೆ ಮುಚ್ಚಿದೆ. ಅವರ ಮುಖ ನೋವಾದವರ ಹಾಗೆ ಆಯಿತು.

"ಅಳಿಮಯ್ಯ, ಅದು ಟೆಂಪೋ ಬಾಗಿಲಲ್ಲ," ಅಂದರು. "ನಳಿಗೆ ಹಂಗೇ ಇರ್ಲಿ, ಹಿಂದಿನ ಮರಾನ ಮೇಲಕ್ಕೆತ್ತು. ಮಲಗಿರೋ ಮಗೂಗೆ ಕೌದಿ ಹೊದಿಸ್ತೀಯಲ್ಲ, ಹಂಗೆ."

ಅದು ಅವರ ತಂದೆಯ ಕೋವಿ. ವಿಲಾಯಿತಿ ಮಾಲು. ಈಗಿನ ಕೋವಿಗಳ ಹಾಗೆ ಎಲ್ಲವೂ ಒಳಗೆ ಅಡಗಿರುವಂಥದ್ದಲ್ಲ. ತೋಟಾಕ್ಕೆ ಬಡಿಯುವ ಸುತ್ತಿಗೆ ಹೊರಗೇ ಕಾಣುತ್ತದೆ. ನಮ್ಮ ಕಡೆ ಅದಕ್ಕೆ ಕುದುರೆ ಅನ್ನುತ್ತಾರೆ. ಎಡಗಡೆಗೊಂದು, ಬಲಗಡೆಗೊಂದು. ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಬೇಕು, ಟ್ರಿಗರ್ ಒತ್ತಿದರೆ ಅದು ಮುಂದಕ್ಕೆ ಬಡಿಯುತ್ತದೆ. ಟ್ರಿಗರ್ ಕೂಡ ಎರಡು. ಮುಂದಿನದು ಬಲಗಡೆಗೆ, ಹಿಂದಿನದು ಎಡಗಡೆಗೆ. ಎಡಗಡೆಯದು ಯಾವಾಗಲೂ ಬಿಗಿ.

ಆ ಕೋವಿ ಹೊಡೆದದ್ದನ್ನು ನಾನು ಒಮ್ಮೆ ಮಾತ್ರ ಕೇಳಿದ್ದೇನೆ. ಇನ್ನೂ ಬಾಡಿಗೆಯವನಾಗಿದ್ದಾಗ. ಕನಕಪುರ ರಸ್ತೆಯ ಆಚೆ ಅವರಿಗೆ ಆಗ ಸ್ವಲ್ಪ ಜಮೀನು ಉಳಿದಿತ್ತು, ಅವರೆಕಾಯಿ ಹಾಕಿದ್ದರು. ತುರಹಳ್ಳಿ ಕಾಡಿನ ಕಡೆಯಿಂದ ಹಂದಿಗಳು ಇಳಿಯುತ್ತವೆಂದು ಸಂಜೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹೊತ್ತು ಮುಳುಗುವ ಮುಂಚೆ ಬದುವಿನ ಮೇಲೆ ನಿಂತು ಆಕಾಶಕ್ಕೆ ಎರಡು ಹೊಡೆದರು. ಮೊದಲನೆಯದು ಎದೆಗೆ ಗುದ್ದಿದ ಹಾಗಾಯಿತು. ಎರಡನೆಯದು ದೂರದ ಬಂಡೆಗಳಿಗೆ ಹೋಗಿ ತಿರುಗಿ ಬಂತು. ಹೊಲದ ಮೇಲೆ ಹೊಗೆ ನಿಂತಿತ್ತು, ಮಾವ ಅದರೊಳಗೆ ಕಣ್ಣು ಮುಚ್ಚಿ ನಿಂತು ಮೂಗಿನ ತುಂಬ ಎಳೆದುಕೊಂಡರು. ನಾನು ಅವರನ್ನು ಅಷ್ಟು ಸಂತೋಷದಲ್ಲಿ ಮತ್ತೆ ನೋಡಿದ್ದು ನಮ್ಮ ಮಗಳು ಹುಟ್ಟಿದಾಗ.

ಆ ಜಮೀನಿನಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ. ಹೊಡೆಯುವುದಕ್ಕೆ ಜಾಗವೇ ಇಲ್ಲವಾಯಿತು. ಕೋವಿ ಬೀರುವಿನಿಂದ ಕಿಟಕಿಗೆ, ಕಿಟಕಿಯಿಂದ ಬೀರುವಿಗೆ ಓಡಾಡಿಕೊಂಡಿತ್ತು. ಚುನಾವಣೆ ಬಂದರೆ ಸ್ಟೇಷನ್ನಿಗೆ ಒಪ್ಪಿಸಬೇಕು. ಅದು ಅಲ್ಲಿರುವಷ್ಟು ದಿನ ಮಾವ ಬೆಳಿಗ್ಗೆ ಕಾಫಿ ಆದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಹಾಲಿನಲ್ಲಿ ಓಡಾಡುತ್ತಿದ್ದರು. "ಓಟಿಗೆ ನಿಂತೋರ್ನ ಹೊರಗ್ ಬಿಟ್ಟು ನನ್ನ ಕೋವೀನ ಯಾಕಪ್ಪ ಒಳಗ್ ಹಾಕ್ತಾರೆ," ಎಂದು ಕೇಳುತ್ತಿದ್ದರು.

ಹೋದ ವರ್ಷ ಮಳೆಗಾಲದಲ್ಲಿ ಅವರಿಗೆ ಉಸಿರು ಕಟ್ಟಲು ಶುರುವಾಯಿತು. ಜಯನಗರದ ಆಸ್ಪತ್ರೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಅವರ ಬೆನ್ನಿನ ಮೇಲೆ ಒಂದು ಕೈ ಇಟ್ಟು ಇನ್ನೊಂದು ಕೈಯ ಬೆರಳಿನಿಂದ ತಟ್ಟುತ್ತಾ ಮೇಲಿಂದ ಕೆಳಕ್ಕೆ ಬಂದರು. ಮೇಲೆ ಡೋಲಿನ ಹಾಗೆ ಇದ್ದ ಸದ್ದು ಕೆಳಗೆ ಬರುತ್ತಾ ಗೋಡೆ ತಟ್ಟಿದ ಹಾಗಾಯಿತು. ಎಡಗಡೆ ನೀರು ತುಂಬಿದೆ ಅಂದರು. ನೀರು ತೆಗೆದರು, ಪರೀಕ್ಷೆಗೆ ಕಳಿಸಿದರು. ಗಡ್ಡೆ ಇತ್ತು. ಈ ವಯಸ್ಸಿನಲ್ಲಿ ದೊಡ್ಡ ಚಿಕಿತ್ಸೆ ತಡೆಯುವುದಿಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದು ನನ್ನನ್ನೂ ನನ್ನ ಹೆಂಡತಿಯನ್ನೂ ಹೊರಗೆ ಕರೆದು ಹೇಳಿದರು. ಮಾವನಿಗೆ ನಾವೇನೂ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಮನೆಗೆ ಬಂದು ಎರಡು ದಿನವಾದ ಮೇಲೆ, ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನನ್ನನ್ನು ಕರೆದು ಹೇಳಿದ್ದು ಇಷ್ಟೇ.

"ಅಳಿಮಯ್ಯ, ಇದ್ರಲ್ಲಿ ಇನ್ನೊಂದ್ ಸಲ ಹೊಡೀಬೇಕು ಕಣಪ್ಪ. ಎರಡೂ ನಳಿಗೆ. ಆಮೇಲೆ ನೀನು ಹೊಡಿ, ನಾನು ನೋಡ್ತೀನಿ. ಅಷ್ಟಾದ್ರೆ ನಂದ್ ಮುಗೀತು."

ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳಿಸಿಕೊಂಡಳು. ಮೆಟ್ಟಿಲು ಹತ್ತುವುದಕ್ಕೇ ಉಸಿರಿಲ್ಲ, ಈಗ ಬೇಟೆಗೆ ಹೊರಟಿದ್ದಾರೆ ಎಂದು ಪಾತ್ರೆಗೆ ಹೇಳುವ ಹಾಗೆ ಹೇಳಿದಳು. ಆದರೆ ಸಂಜೆ ನನ್ನ ಹತ್ತಿರ ಬಂದು, "ರೀ, ಆಗುತ್ತಾ ವಿಚಾರಿಸಿ," ಅಂದಳು.

ವಿಚಾರಿಸಿದೆ. ಅವರು ಬೇರೆ ಯಾವುದಕ್ಕೂ ನನ್ನನ್ನು ಏನೂ ಕೇಳಿದವರಲ್ಲ. ಊರಿನ ಹೊರಗೆ ಒಂದು ಶೂಟಿಂಗ್ ರೇಂಜು ಇದೆ, ಹಾರುವ ಮಣ್ಣಿನ ಬಿಲ್ಲೆಗಳಿಗೆ ಹೊಡೆಯುತ್ತಾರೆ, ಲೈಸೆನ್ಸ್ ಇರುವವರು ತಮ್ಮ ಕೋವಿ ತಂದು ಒಂದು ದಿನದ ಮಟ್ಟಿಗೆ ಹೊಡೆಯಬಹುದು ಎಂದು ಗೊತ್ತಾಯಿತು. ಫೋನಿನಲ್ಲಿ ಮಾತಾಡಿದವರು ಒಳ್ಳೆಯವರು. ವಯಸ್ಸಾದವರಾದರೆ ಕುರ್ಚಿ ಹಾಕಿಕೊಡುತ್ತೇವೆ ಅಂದರು. ನಾನು ಕಾರು ಗೊತ್ತು ಮಾಡಿದೆ. ಆಕ್ಸಿಜನ್ನಿನ ಚಿಕ್ಕ ಸಿಲಿಂಡರು ಬಾಡಿಗೆಗೆ ಕೇಳಿಟ್ಟೆ. ಭಾನುವಾರ ಎಂದು ಮಾವನಿಗೆ ಹೇಳಿದಾಗ ಅವರು ಕ್ಷೌರದವನನ್ನು ಮನೆಗೇ ಕರೆಸಿ ಗಡ್ಡ ಮಾಡಿಸಿಕೊಂಡರು. ಹಾಲಿನಲ್ಲಿ ಕೂತು ಖಾಲಿ ಕೋವಿಯನ್ನು ಭುಜಕ್ಕೆ ಏರಿಸಿ ಇಳಿಸಿ ಅಭ್ಯಾಸ ಮಾಡತೊಡಗಿದರು. ಮೊದಲು ಎತ್ತಿದಾಗ ನಳಿಗೆಯ ತುದಿ ನಡುಗುತ್ತಿತ್ತು. ವಾರದ ಕೊನೆಗೆ ಸ್ವಲ್ಪ ಹೊತ್ತು ನಿಂತಿತು. ಊಟ ಕೂಡ ಸ್ವಲ್ಪ ಹೆಚ್ಚಾಯಿತು. ಡಾಕ್ಟರು ತಪ್ಪು ಹೇಳಿರಬಹುದು ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು. ಅಷ್ಟು ನಂಬಿಕೆ ಬಂದುಬಿಟ್ಟಿತ್ತು.

ತೋಟಾ ಬೇಕಿತ್ತು. ಮನೆಯಲ್ಲಿದ್ದವು ಕಾಗದದ ಕೊಳವೆಯ ಹಳೆಯ ತೋಟಾಗಳು. ಎಷ್ಟೋ ಮಳೆಗಾಲದ ತೇವ ಕುಡಿದು ಊದಿಕೊಂಡಿದ್ದವು. ನಳಿಗೆಯ ಬಾಯಿಗೆ ಹಿಡಿಸುತ್ತಲೇ ಇರಲಿಲ್ಲ. ಹೊಸದು ಕೊಳ್ಳಬೇಕಾದರೆ ಲೈಸೆನ್ಸ್ ಇರುವವರೇ ಅಂಗಡಿಗೆ ಬರಬೇಕು. ಶನಿವಾರ ಬೆಳಿಗ್ಗೆ ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಪೇಟೆ ಕಡೆಗೆ ಹೋದೆ. ಕೋವಿಯನ್ನೂ ತರಲು ಹೇಳಿದ್ದರು. ಬಹಳ ವರ್ಷ ಹೊಡೆಯದೆ ಇಟ್ಟ ಕೋವಿಯನ್ನು ನೋಡದೆ ತೋಟಾ ಕೊಡುವುದಿಲ್ಲವೆಂದು ಅಂಗಡಿಯವರು ಫೋನಿನಲ್ಲೇ ಹೇಳಿದ್ದರು.

ಇಲ್ಲಿ ನಮ್ಮ ಮನೆಯ ಆಯುಧಪೂಜೆಯ ವಿಷಯ ಹೇಳಬೇಕು.

ಆ ಮನೆಯಲ್ಲಿ ನೇಗಿಲು, ಕುಡುಗೋಲು ಎಲ್ಲ ಹೋದ ಮೇಲೂ ಆಯುಧಪೂಜೆ ಜೋರಾಗಿಯೇ ನಡೆಯುತ್ತಿತ್ತು. ಸ್ಕೂಟರು, ಮಿಕ್ಸಿ, ನೀರಿನ ಮೋಟರು, ನನ್ನ ಅಂಗಡಿಯ ಪೈಪ್ ರೆಂಚು, ಇವುಗಳ ನಡುವೆ ಮಣೆಯ ಮೇಲೆ ಕೋವಿ. ಮಾವ ಕಳಶದ ನೀರನ್ನು ಮಾವಿನ ಎಲೆಯಲ್ಲಿ ಅದ್ದಿ ಅದರ ಮೇಲೆ ಪ್ರೋಕ್ಷಿಸುತ್ತಿದ್ದರು. ಎರಡು ನಳಿಗೆಗಳು ಸೇರುವ ಕಡೆ ಉದ್ದಕ್ಕೂ ಒಂದು ಕಬ್ಬಿಣದ ಪಟ್ಟಿ ಬೆಸುಗೆ ಹಾಕಿರುತ್ತದೆ. ಗುರಿ ಹಿಡಿಯುವಾಗ ಕಣ್ಣು ಅದರ ಮೇಲೆ ಓಡುತ್ತದೆ. ಆ ಪಟ್ಟಿಯ ಉದ್ದಕ್ಕೂ ಅರಿಶಿನ, ಕುಂಕುಮ. ತೆಂಗಿನಕಾಯಿ ಒಡೆದು ಅದರ ನೀರನ್ನು ಅದೇ ಪಟ್ಟಿಯ ಮೇಲೆ ನಿಧಾನವಾಗಿ ಬಿಡುತ್ತಿದ್ದರು. ಅವರ ತಂದೆ ಹಾಗೆ ಮಾಡುತ್ತಿದ್ದರಂತೆ. ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿಯ ತನಕ ಮುಟ್ಟುವ ಹಾಗಿಲ್ಲ. ಆಮೇಲೂ ದೇವರಿಗೆ ಇಟ್ಟ ಕುಂಕುಮವನ್ನು ಒರೆಸುವುದಿಲ್ಲ, ಅದು ತಾನಾಗಿ ಉದುರಬೇಕು. ದಿನಾ ನಳಿಗೆಯ ಒಳಗೆ ಚುಕ್ಕೆ ಹುಡುಕುತ್ತಿದ್ದ ಮನುಷ್ಯ, ಮೇಲಿನ ಆ ಪಟ್ಟಿಯನ್ನು ಬಟ್ಟೆಯಿಂದ ಮುಟ್ಟಿದವರಲ್ಲ.

ಇನ್ನೊಂದು ಪದ್ಧತಿ ಇತ್ತು. ಪೂಜೆಗೆ ಮುಂಚೆ ಮಾವ ಕೋವಿಯ ನಳಿಗೆಗಳನ್ನು ಬಿಚ್ಚಿ, ಅವುಗಳ ಅಡಿಯಲ್ಲಿರುವ ಕೊಕ್ಕೆಯಿಂದ ಕಿರುಬೆರಳಿಗೆ ತೂಗುಹಾಕಿಕೊಂಡು, ಇನ್ನೊಂದು ಕೈಯ ಗಿಣ್ಣಿನಿಂದ ಒಂದು ಸಲ ತಟ್ಟುತ್ತಿದ್ದರು. ದೇವಸ್ಥಾನದ ಗಂಟೆಯ ಹಾಗೆ ಣಂ ಎಂದು ಶುರುವಾಗಿ, ಎಳೆಯಾಗಿ ಬಹಳ ಹೊತ್ತು ನಿಲ್ಲುತ್ತಿತ್ತು. ಅದು ನಿಂತ ಮೇಲೆಯೇ ಮಂಗಳಾರತಿ. ನನ್ನ ಹೆಂಡತಿ ಚಿಕ್ಕವಳಿದ್ದಾಗ ನಳಿಗೆಗೆ ಕಿವಿ ಹಚ್ಚಿ ಕೇಳುತ್ತಿದ್ದಳಂತೆ. ನಾನೂ ಮೊದಲ ವರ್ಷಗಳಲ್ಲಿ ಕೇಳಿದ್ದೇನೆ. ಆಮೇಲೆ ನನ್ನ ಹೆಂಡತಿ ಗಾಂಧಿ ಬಜಾರಿನಿಂದ ಕರೆಂಟಿನಲ್ಲಿ ಬಡಿಯುವ ಜಾಗಟೆ ತಂದಳು. ಸ್ವಿಚ್ ಹಾಕಿದರೆ ಡೋಲು, ಗಂಟೆ, ಜಾಗಟೆ ಎಲ್ಲವೂ ಒಟ್ಟಿಗೆ ಬಡಿಯುತ್ತವೆ. ಮಕ್ಕಳಿಗೆ ಅದು ಬಹಳ ಇಷ್ಟ. ಮಾವ ನಳಿಗೆ ತಟ್ಟುವುದನ್ನು ಬಿಡಲಿಲ್ಲ. ಆದರೆ ಆ ಗದ್ದಲದಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ. ಯಾವ ವರ್ಷ ಅದರ ದನಿ ನಿಂತಿತೋ ನಮಗೆ ಗೊತ್ತಾಗಲೇ ಇಲ್ಲ.

ಕೋವಿ ಅಂಗಡಿಯ ಯಜಮಾನರು ಮಾವನಿಗೆ ಹಳೆಯ ಪರಿಚಯ. ಒಬ್ಬರ ಕೂದಲು ನೋಡಿ ಇನ್ನೊಬ್ಬರು ನಕ್ಕರು. ಟೀ ತರಿಸಿದರು. ಕೋವಿಯನ್ನು ತೆರೆದು ಒಳಗೆ ನೋಡಿ, "ಏನ್ ಯಜಮಾನ್ರೆ, ಒಳಗೆ ಮುಖ ನೋಡ್ಕೊಬೋದು," ಅಂದರು. ಮಾವ ನನ್ನ ಕಡೆ ನೋಡಿದರು. ಅಂಗಡಿಯವರು ನಳಿಗೆಗಳನ್ನು ಬಿಚ್ಚಿ, ಮೇಜಿನ ಮೇಲೆ ನೇತಾಡುತ್ತಿದ್ದ ದಾರದ ಕುಣಿಕೆಗೆ ತೂಗುಹಾಕಿ, ಪೆನ್ಸಿಲಿನ ಹಿಂಭಾಗದಿಂದ ತಟ್ಟಿದರು.

ಟಪ್ ಎಂದಿತು. ಅಷ್ಟೇ.

ಇನ್ನೊಂದು ಸಲ ತಟ್ಟಿದರು. ಬಿರುಕು ಬಿಟ್ಟ ಮಡಕೆಯ ಸದ್ದು. ಅವರು ಹಿಂದಿನ ಗೂಡಿನಿಂದ ಬೇರೊಂದು ಜೋಡಿ ನಳಿಗೆ ತೆಗೆದು ಅದನ್ನು ತೂಗುಹಾಕಿ ತಟ್ಟಿದರು. ಅದು ಹಾಡಿತು. ಅದು ಪೂರ್ತಿ ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ರೋಡ್ ಸದ್ದಿಗೆ ಕೇಳಿಸ್ತಿಲ್ಲ ಸಾಹೇಬ್ರೆ, ಬಾಗಿಲು ಹಾಕಿ," ಅಂದರು ಮಾವ.

ನಾನೇ ಎದ್ದು ಬಾಗಿಲು ಹಾಕಿದೆ. ನಮ್ಮದನ್ನು ಮತ್ತೆ ತಟ್ಟಿದರು. ಟಪ್.

ಅಂಗಡಿಯವರು ಕನ್ನಡಕ ಹಾಕಿಕೊಂಡು, ತೆಳುವಾದ ಒಂದು ಚಾಕುವಿನ ತುದಿಯನ್ನು ನಳಿಗೆಗಳ ನಡುವಿನ ಪಟ್ಟಿಯ ಅಂಚಿಗೆ ಹಿಡಿದರು. ಅದು ಸಲೀಸಾಗಿ ಒಳಗೆ ಹೋಯಿತು. ಪಟ್ಟಿ ಎದ್ದು ಬಂತು. ಕೆಳಗೆ ಹಾಸಿದ್ದ ಪೇಪರಿನ ಮೇಲೆ ಪುಡಿ ಉದುರಿತು. ತುಕ್ಕಿನ ಪುಡಿ. ಅದರ ಜೊತೆ ಇನ್ನೂ ಕೆಂಪಾದ ಇನ್ನೊಂದು ಪುಡಿ. ಮಾವ ಅದನ್ನು ಬೆರಳಿನಿಂದ ಮುಟ್ಟಿ ಮೂಸಿ ನೋಡಿದರು.

ಪಟ್ಟಿಯ ಕೆಳಗೆ ಎರಡು ನಳಿಗೆಗಳ ನಡುವೆ ಟೊಳ್ಳು ಇರುತ್ತದಂತೆ. ಬೆಸುಗೆಯ ಸಣ್ಣ ಬಿರುಕಿನಿಂದ ನೀರು ಇಳಿದರೆ ಹೊರಗೆ ಬರುವ ದಾರಿಯಿಲ್ಲ. ಹೊರಗಿಂದ ನೋಡಿದರೂ ಕಾಣುವುದಿಲ್ಲ, ಒಳಗಿಂದ ನೋಡಿದರೂ ಕಾಣುವುದಿಲ್ಲ. ಎರಡು ನಳಿಗೆಗಳೂ ಒಂದನ್ನೊಂದು ಒತ್ತಿಕೊಂಡಿರುವ ಕಡೆಯೇ ತಿಂದುಹೋಗಿತ್ತು. ಅಂಗಡಿಯವರು ಉಗುರಿನಿಂದ ಕೆರೆದು ತೋರಿಸಿದರು. ಮೊಟ್ಟೆಯ ಚಿಪ್ಪಿನಷ್ಟು ಉಳಿದಿರಬಹುದು ಅಂದರು. ತೋಟಾ ಹಾಕಿ ಹೊಡೆದರೆ ಕೆಳಗೆ ಹಿಡಿದಿರುವ ಎಡಗೈ ಉಳಿಯುವುದಿಲ್ಲ. ಸರಿ ಮಾಡುವವರು ಇಲ್ಲಿ ಯಾರೂ ಇಲ್ಲ, ಮಾಡಿದರೂ ಇಷ್ಟು ತಿಂದುಹೋದ ಕಬ್ಬಿಣ ನಿಲ್ಲುವುದಿಲ್ಲ.

"ಇದ್ರ ಮೇಲೆ ನೀರೇನಾದ್ರೂ ಬೀಳ್ತಿತ್ತಾ ಯಜಮಾನ್ರೆ? ಸೋರೋ ಜಾಗದಲ್ಲಿ ಇಟ್ಟಿದ್ರಾ?" ಎಂದು ಕೇಳಿದರು.

ಮಾವ ಬೆರಳಿನ ಕೆಂಪನ್ನು ನೋಡಿಕೊಂಡರು. ಆಮೇಲೆ ನನಗೆ ಹೇಳಿದರು. "ಡಾಕ್ಟ್ರು ನನ್ ಬೆನ್ ತಟ್ಟಿದಾಗ್ಲೂ ಇದೇ ಸದ್ದು ಬಂತಲ್ಲಪ್ಪ."

ಅಂಗಡಿಯವರಿಗೆ ಅರ್ಥವಾಗಲಿಲ್ಲ, ಮರ್ಯಾದೆಗೆ ನಕ್ಕರು. ನಾನು ಮುಖ ತಿರುಗಿಸಿಕೊಂಡೆ. ಮಾವನಿಗೆ ಎಲ್ಲವೂ ಗೊತ್ತಿತ್ತು. ಆಸ್ಪತ್ರೆಯಲ್ಲಿ ನಾವು ಅವರನ್ನು ಒಳಗೆ ಬಿಟ್ಟು ಹೊರಗೆ ನಿಂತು ಮಾತಾಡಿದ್ದೆಲ್ಲ ದಂಡವಾಗಿತ್ತು.

ನಾಳೆ ನಾನೂ ರೇಂಜಿಗೆ ಬರುತ್ತೇನೆ, ನನ್ನ ಹೊಸ ಕೋವಿಯಲ್ಲೇ ಹೊಡೆಯಿರಿ, ಹಗುರವಾಗಿದೆ, ಭುಜಕ್ಕೆ ಒದೆಯುವುದೂ ಕಡಿಮೆ ಎಂದು ಅಂಗಡಿಯವರು ಮನಸ್ಸಿಟ್ಟು ಕರೆದರು. ಮಾವ ಎದ್ದು ಕೈ ಮುಗಿದರು. "ನಮ್ ದೇವ್ರಿಗೆ ಹೊತ್ತಿರೋ ಮುಡಿ, ಬೇರೆಯೋರ್ ದೇವ್ರಿಗೆ ಕೊಡಕ್ಕಾಗುತ್ತಾ ಸಾಹೇಬ್ರೆ," ಅಂದರು. ತೋಟಾ ಕೊಳ್ಳಲಿಲ್ಲ. ಬರುವಾಗ ಕನಕಪುರ ರಸ್ತೆಯಲ್ಲಿ ಟ್ರಾಫಿಕ್ಕು ನಿಂತು ನಿಂತು ಸಾಗುತ್ತಿತ್ತು. ಮೆಟ್ರೋ ಕಂಬಗಳ ನೆರಳುಗಳು ಒಂದೊಂದಾಗಿ ಅವರ ಮೇಲೆ ಹಾದುಹೋಗುತ್ತಿದ್ದವು. ರಗ್ಗು ಸುತ್ತಿದ ಕೋವಿಯ ಮೇಲೆ ಕೈ ಇಟ್ಟುಕೊಂಡು ಅವರು ಕೂತಿದ್ದರು. ಭಾನುವಾರ ಬರಬೇಡವೆಂದು ಕಾರಿನವನಿಗೆ ಫೋನು ಮಾಡಿದೆ.

ಮಾರನೆಯ ದಿನದಿಂದ ಅವರು ನಳಿಗೆಯ ಒಳಗೆ ನೋಡುವುದನ್ನು ಬಿಟ್ಟರು. ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಿದ್ದರು. ಬೀರುವಿನ ಬೀಗದ ಕೈ ಸೊಂಟದಲ್ಲೇ ಇತ್ತು, ನಾನು ಕೇಳಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಹೆಂಡತಿ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಹಾಲಿನಲ್ಲಿ ಮಾವ ಕೋವಿಯನ್ನು ತೆರೆದು ತೊಡೆಯ ಮೇಲೆ ಇಟ್ಟುಕೊಂಡು ಬಗ್ಗಿ ಏನೋ ಮಾಡುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಆ ಊದಿದ ಕಾಗದದ ತೋಟಾ ಒಂದಕ್ಕೆ ಸ್ನಾನದ ಸೋಪು ಹಚ್ಚಿ ಬಲಗಡೆಯ ನಳಿಗೆಯೊಳಗೆ ಹೆಬ್ಬೆರಳಿನಿಂದ ಅದುಮುತ್ತಿದ್ದರು. ಅರ್ಧ ಒಳಗೆ ಹೋಗಿ ಸಿಕ್ಕಿಕೊಂಡಿತ್ತು. ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು. ಅವರ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

ನಾನು ನೆಲದ ಮೇಲೆ ಕೂತು ಕೋವಿಯ ಮೇಲೆ ಕೈ ಇಟ್ಟೆ. ಅವರು ಬಿಡಲಿಲ್ಲ.

"ಒಂದೇ ಒಂದು ಕಣಪ್ಪ. ಮಹಡಿ ಮೇಲ್ ನಿಂತು ಮೇಲಕ್ಕೆ ಹೊಡೀತೀನಿ. ಕೈ ಹೋದ್ರೆ ಹೋಗ್ಲಿ, ಹೋಗೋನಿಗೆ ಕೈ ಕಟ್ಕೊಂಡೇನು."

"ಮೇಲೆ ನಿಮ್ ಮಗಳು ಬಟ್ಟೆ ಹಾಕ್ತವ್ಳೆ, ಮಾವ," ಅಂದೆ. 

ಅವರು ಮೇಲೆ ನೋಡಿದರು, ತಾರಸಿ ಕಾಣುತ್ತದೆ ಅನ್ನುವ ಹಾಗೆ. ಆಮೇಲೆ ಕೈ ಬಿಟ್ಟರು. ನಾನು ತೋಟಾವನ್ನು ಎರಡು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ಹೊರಗೆ ತೆಗೆದೆ. ಉಳಿದವುಗಳನ್ನೂ ತಂದು ಎಲ್ಲವನ್ನೂ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆ. ಕಾಗದ ಬಿಚ್ಚಿಕೊಂಡು ಒಳಗಿನ ಸೀಸದ ಚರೆಗಳು ತಳಕ್ಕೆ ಇಳಿದವು. ಅವರು ಬಚ್ಚಲಿನ ಬಾಗಿಲಲ್ಲಿ ಗೋಡೆ ಹಿಡಿದು ನಿಂತು ನೋಡಿದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಒಳ್ಳೇದ್ ಮಾಡ್ದೆ," ಎಂದು ಹೇಳಿ ಹೋಗಿ ಮಲಗಿಕೊಂಡರು. ಆವತ್ತಿನಿಂದ ಅವರು ಎದ್ದು ಕೂರುವುದೇ ಕಡಿಮೆಯಾಯಿತು. ಮಾಡಬೇಕಾದದ್ದನ್ನೇ ಮಾಡಿದೆ ಎಂದು ನನಗೆ ಗೊತ್ತು. ಅದರಿಂದ ಏನೂ ಹಗುರವಾಗುವುದಿಲ್ಲ.

ಆಯುಧಪೂಜೆ ಬಂತು. ನನ್ನ ಹೆಂಡತಿ ಎಂದಿನ ಹಾಗೆ ಮಣೆ ಹಾಕಿ, ಕಳಶ ಇಟ್ಟು, ಕೋವಿಗೆ ಜಾಗ ಬಿಟ್ಟಳು. ಮಾವನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದೆವು. ಮೂಗಿಗೆ ಆಕ್ಸಿಜನ್ನಿನ ನಳಿಕೆ ಇತ್ತು. ಕೋವಿ ತಂದುಕೊಟ್ಟೆ. ಅವರು ಅದನ್ನು ಮಣೆಯ ಮೇಲೆ ಇಡಲಿಲ್ಲ. ಪಂಚೆಯ ತುದಿಯಿಂದ ಪಟ್ಟಿಯ ಮೇಲಿದ್ದ ಹಳೆಯ ಕುಂಕುಮವನ್ನು ಒರೆಸತೊಡಗಿದರು. ನಾನು ಕಂಡಂತೆ ಅವರು ಹಾಗೆ ಮಾಡಿದ್ದು ಅದೇ ಮೊದಲು. ನಿಧಾನವಾಗಿ, ತುದಿಯಿಂದ ಬುಡದ ತನಕ ಒರೆಸಿದರು.

"ಇದಕ್ಕೆ ಪೂಜೆ ಬೇಡ ಕಣಮ್ಮ," ಅಂದರು ಮಗಳಿಗೆ. "ನೀರ್ ಹಾಕಿದ್ದು ಸಾಕು."

ಅವಳು ಕೈಯಲ್ಲಿ ಮಾವಿನ ಎಲೆ ಹಿಡಿದು ನಿಂತೇ ಇದ್ದಳು. ಮಕ್ಕಳು ಜಾಗಟೆಯ ಸ್ವಿಚ್ ಹಾಕಿದರು. ಮಾವ ಬೇಡವೆಂದು ಕೈ ಮಾಡಿದರು. ಆರಿಸಿದರು. ನಳಿಗೆ ಬಿಚ್ಚಿ ತೂಗುಹಾಕು ಎಂದು ನನಗೆ ಸನ್ನೆ ಮಾಡಿದರು. ನನ್ನ ಕಿರುಬೆರಳಿಗೆ ತೂಗುಹಾಕಿ ಅವರ ಕೈಗೆ ಎಟುಕುವ ಹಾಗೆ ಬಗ್ಗಿದೆ. ಅವರು ಗಿಣ್ಣಿನಿಂದ ತಟ್ಟಿದರು. ಕಿವಿಯ ಹತ್ತಿರ ತರಿಸಿಕೊಂಡು ಮತ್ತೆ ತಟ್ಟಿದರು. ಹೊರಗೆ ಬೀದಿಯಲ್ಲಿ ಯಾರೋ ಲಾರಿಗೆ ಕುಂಬಳಕಾಯಿ ಒಡೆದ ಸದ್ದು ಬಂತು. ಅದೇ ಇದಕ್ಕಿಂತ ಚೆನ್ನಾಗಿತ್ತು.

ಮತ್ತೆ ಜೋಡಿಸಲು ಹೇಳಿದರು. ಹಿಂದೆ ಹೊಡೆದು ಖಾಲಿಯಾದ ಎರಡು ತೋಟಾಗಳ ಹಿತ್ತಾಳೆ ಬುಡದ ಚಿಪ್ಪುಗಳನ್ನು ಅವರು ಬೀರುವಿನಲ್ಲಿ ಇಟ್ಟುಕೊಂಡಿದ್ದರು. ಆವತ್ತು ಅವರೆಕಾಯಿ ಹೊಲದಲ್ಲಿ ಹೊಡೆದವು ಇರಬೇಕು. ಖಾಲಿ ನಳಿಗೆಯ ಮೇಲೆ ಕುದುರೆ ಬಡಿದರೆ ಒಳಗಿನ ಮೊಳೆ ಮುರಿಯುತ್ತದೆ, ಅದಕ್ಕೆ ಆ ಚಿಪ್ಪು ಹಾಕಬೇಕು. ಹಾಕಿದೆ. ಕೌದಿ ಹೊದಿಸುವ ಹಾಗೆ ಮುಚ್ಚಿದೆ. ಎರಡೂ ಕುದುರೆಗಳನ್ನು ಎಳೆದು ನಿಲ್ಲಿಸಿಕೊಟ್ಟೆ. ಅವರ ಹೆಬ್ಬೆರಳಿಗೆ ಆ ಶಕ್ತಿ ಇರಲಿಲ್ಲ. ಭುಜಕ್ಕೆ ಏರಿಸಿ, ನಳಿಗೆಯ ಅಡಿಯಲ್ಲಿ ನಾನು ಕೈ ಕೊಟ್ಟು ಹಿಡಿದೆ. ಕಿಟಕಿಯ ಆಚೆಯ ಗೋಡೆಯ ಮೇಲಿನ ಬಿಸಿಲಿಗೆ ಗುರಿ ಇಟ್ಟರು. ಮುಂದಿನ ಟ್ರಿಗರ್ ಎಳೆದರು. ಬಲಗಡೆಯ ಕುದುರೆ ಬಡಿಯಿತು. ಟಕ್.

ಬೆರಳನ್ನು ಹಿಂದಿನ ಟ್ರಿಗರಿಗೆ ತಂದರು. ಎಳೆದರು. ಬರಲಿಲ್ಲ. ಇನ್ನೊಂದು ಸಲ ಎಳೆದರು. ಕತ್ತಿನ ನರಗಳು ಎದ್ದವು, ಟ್ರಿಗರ್ ಅಲುಗಾಡಲಿಲ್ಲ. ನಾನು ಎಳೆಯಲಾ ಎಂದು ಕೇಳಿದೆ. ಬೇಡವೆಂದು ತಲೆ ಅಲ್ಲಾಡಿಸಿದರು. ಕೋವಿಯ ಭಾರ ಪೂರ್ತಿ ನನ್ನ ಕೈಗೆ ಬಂತು.

"ಎತ್ತಿಡು," ಅಂದರು.

ದೀಪಾವಳಿಗೆ ಮುಂಚೆ ಹೋದರು. ಸ್ವಂತ ಹಾಸಿಗೆಯಲ್ಲಿ, ನಿದ್ದೆಯಲ್ಲಿ. ಬಂದವರೆಲ್ಲ ಪುಣ್ಯವಂತರು ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಒಂದು ಜೀವ ಕೊನೆಗೆ ಕೇಳಿದ್ದು ಎರಡು ಸದ್ದು, ಅದನ್ನು ಕೊಡಲು ನಮ್ಮ ಕೈಲಾಗಲಿಲ್ಲ. ದೀಪಾವಳಿಯ ದಿನ ಸೂತಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆವು. ಪೀಜಿಯ ಹುಡುಗರು ಆಟಂ ಬಾಂಬು ಹೊಡೆದಾಗಲೆಲ್ಲ ನನ್ನ ಹೆಂಡತಿ ಖಾಲಿ ಕುರ್ಚಿಯ ಕಡೆ ನೋಡುತ್ತಿದ್ದಳು.

ಲೈಸೆನ್ಸ್ ಇದ್ದವರು ಹೋದ ಮೇಲೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ನನ್ನ ಹೆಸರಿಗೆ ಮಾಡಿಸಬಹುದಿತ್ತು. ಹೊಡೆಯಲಾಗದ್ದನ್ನು ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಹೆಂಡತಿ ಕೇಳಿದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಪ್ರತಿ ವರ್ಷ ಆ ಮಣೆಯ ಮೇಲೆ ಅದನ್ನು ನೋಡಲು ಅವಳಿಗೆ ಆಗುತ್ತಿರಲಿಲ್ಲ. ಹನ್ನೊಂದನೆಯ ದಿನದ ಕೆಲಸ ಮುಗಿದ ಮೇಲೆ ಸ್ಟೇಷನ್ನಿಗೆ ತೆಗೆದುಕೊಂಡು ಹೋದೆ. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ಲು ರಗ್ಗು ಬಿಚ್ಚಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಏನ್ ಸಾರ್ ಇದು, ಎಡಗಡೆದು ಎಳೆದೇ ಐತೆ. ಲೋಡ್ ಆಗಿದ್ಯಾ?"

ಎತ್ತಿಡು ಎಂದಾಗ ನಾನು ಹಾಗೆಯೇ ಸುತ್ತಿ ಇಟ್ಟಿದ್ದೆ. ಬಲಗಡೆಯ ಕುದುರೆ ಬಡಿದು ಮಲಗಿತ್ತು. ಎಡಗಡೆಯದು ಹಿಂದಕ್ಕೆ ಎಳೆದು ನಿಲ್ಲಿಸಿದ ಹಾಗೆಯೇ ಇತ್ತು. ಇಷ್ಟು ದಿನ ಬೀರುವಿನ ಕತ್ತಲಲ್ಲಿ ಅದು ಹಾಗೆಯೇ ನಿಂತಿತ್ತು.

ಲೋಡ್ ಇಲ್ಲವೆಂದು ತೆರೆದು ಖಾಲಿ ಚಿಪ್ಪುಗಳನ್ನು ತೋರಿಸಿದೆ. ಮುಚ್ಚಿದೆ. ಕುದುರೆ ಇಳಿಸಿ ಕೊಡಿ, ಹೀಗೆ ತೆಗೆದುಕೊಳ್ಳಲು ಆಗುವುದಿಲ್ಲ ಅಂದರು. ಸ್ಟೇಷನ್ನಿನ ಹಿಂದಿನ ಅಂಗಳದಲ್ಲಿ ಒಂದು ಹೊಂಗೆ ಮರ ಇತ್ತು. ಅಲ್ಲಿಗೆ ಹೋಗಿ ನೆಲದ ಕಡೆಗೆ ಹಿಡಿಯಲು ಹೇಳಿದರು. ಹೋದೆ. ಹಿಂದಿನ ಟ್ರಿಗರಿನ ಮೇಲೆ ಬೆರಳು ಇಟ್ಟೆ. ಬಹಳ ಬಿಗಿಯಾಗಿತ್ತು. ನೀನು ಹೊಡಿ, ನಾನು ನೋಡ್ತೀನಿ ಎಂದಿದ್ದವರು ಇರಲಿಲ್ಲ. ಹೆಡ್ ಕಾನ್‌ಸ್ಟೇಬಲ್ಲು ಬಾಗಿಲಲ್ಲಿ ನಿಂತು ಫೋನು ನೋಡುತ್ತಿದ್ದರು.

ಜೋರಾಗಿ ಎಳೆದೆ. ಟಕ್ ಎಂದಿತು. ಆ ಕೋವಿಯಿಂದ ನಾನು ಹೊಡೆದದ್ದು ಅಷ್ಟೇ.